ಗೇರುಗುಡ್ಡದ ಆರು ಕ್ಲೋರಿನ್‌ಗಳು

ಫೆಬ್ರುವರಿ ಕಳೆದು ಮಾರ್ಚ್ ಕಾಲಿಡುವ ಹೊತ್ತಿಗೆ ಎಣ್ಮಕಜೆಯ ಗುಡ್ಡಗಳಿಗೆ ಅವುಗಳದ್ದೇ ಒಂದು ವಾಸನೆ ಬರುತ್ತದೆ. ರಾತ್ರಿಯಿಡೀ ಉದುರಿದ ಗೇರುಹಣ್ಣು ತರಗೆಲೆಗಳ ಮೇಲೆ ಬಿದ್ದು, ಬಿಸಿಲೇರುತ್ತಿದ್ದಂತೆ ಹುಳಿಯತೊಡಗಿ, ಸಿಹಿಗೂ ಹುಳಿಗೂ ನಡುವಿನ ಒಂದು ಘಾಟು ಗಾಳಿಯಲ್ಲಿ ನಿಂತುಬಿಡುತ್ತದೆ. ಪುತ್ತೂರಿನಿಂದ ಅಡ್ಕಸ್ಥಳದ ಗಡಿ ದಾಟಿ ಪೆರ್ಲದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತರೆ ಸಾಕು, ಊರು ಹತ್ತಿರವಾಯಿತೆಂದು ಮೂಗೇ ಹೇಳುತ್ತದೆ. ರಸ್ತೆಯ ಎರಡೂ ಕಡೆ ಕೆಂಪು ಮುರಕಲ್ಲಿನ ಗುಡ್ಡಗಳು, ಅವುಗಳ ನೆತ್ತಿಯಲ್ಲಿ ಕೊಂಬೆಗಳನ್ನು ನೆಲದವರೆಗೂ ಬಾಗಿಸಿಕೊಂಡು ನಿಂತ ಗೇರುಮರಗಳು, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟದ ಕಡುಹಸಿರು. ಬಸ್ಸಿನೊಳಗೆ ತುಳು, ಕನ್ನಡ, ಮಲಯಾಳ, ನಡುನಡುವೆ ಹವ್ಯಕರ ಮಾತು, ಕರಾಡರ ಮರಾಠಿ. ನಕಾಶೆಯಲ್ಲಿ ಇದು ಕೇರಳದ ಕಾಸರಗೋಡು ಜಿಲ್ಲೆ. ಆದರೆ ಇಲ್ಲಿ ಇಳಿದವರಿಗೆ ದಾರಿ ಕೇಳಲು ಕನ್ನಡವೇ ಸಾಕಾಗುತ್ತದೆ.

ಗುಡ್ಡದ ಬದಿಯ ಕಾಲುದಾರಿಯಲ್ಲಿ ಪಡ್ರೆಯ ಕಡೆಗೆ ನನ್ನ ಜೊತೆ ಇಳಿಯಿರಿ. ಹತ್ತು ಹೆಜ್ಜೆಗೆ ಬಿಸಿಲು ಕಡಿಮೆಯಾಗುತ್ತದೆ, ಇಪ್ಪತ್ತು ಹೆಜ್ಜೆಗೆ ಮಣ್ಣು ತಂಪಾಗುತ್ತದೆ. ಮುರಕಲ್ಲಿನ ಗೋಡೆಯಲ್ಲಿ ಆಳೆತ್ತರದ ಒಂದು ಬಾಯಿ ತೆರೆದುಕೊಂಡಿದೆ; ಒಳಗೆ ಕತ್ತಲು, ಕತ್ತಲಿನಿಂದ ನೀರು ತೊಟ್ಟಿಕ್ಕುವ ಸದ್ದು. ಇದು ಸುರಂಗ. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು, ಕಲ್ಲಿನಿಂದ ಒಸರುವ ನೀರನ್ನು ಸಣ್ಣ ಕಾಲುವೆಯಲ್ಲಿ ಹರಿಸಿ, ಮನೆಯಂಗಳದ ಮಣ್ಣಿನ ಕೆರೆಗೆ ತಂದು ಬಿಡುವ ಏರ್ಪಾಡು. ಪಂಪು ಬೇಡ, ಕರೆಂಟು ಬೇಡ. ಜೂನಿನಲ್ಲಿ ಗುಡ್ಡದ ತಲೆಯ ಮೇಲೆ ಬಿದ್ದ ಮಳೆ ನಿಧಾನಕ್ಕೆ ಸೋಸಿಕೊಂಡು ಬಂದು ಏಪ್ರಿಲಿನಲ್ಲಿ ಅಡುಗೆಮನೆಯ ಕೊಡ ಸೇರುತ್ತದೆ. ಮೇಲೆ ಗೇರು, ಕೆಳಗೆ ಅಡಿಕೆ, ನಡುವೆ ನೀರು: ಈ ಊರಿನ ಬದುಕು ನಿಂತಿರುವುದೇ ಈ ಇಳಿಜಾರಿನ ಮೇಲೆ. ಗುಡ್ಡದ ಮೇಲೆ ಏನು ಬಿದ್ದರೂ ಒಂದಲ್ಲ ಒಂದು ದಿನ ಅದು ಕೆಳಗಿನ ಮನೆಗೆ ಬಂದೇ ಬರುತ್ತದೆ.

ಹಾಗೆ ಬಿದ್ದ ಒಂದು ವಸ್ತುವಿನ ಕಥೆ ಇದು. 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಗೇರು ಹೂಬಿಡುವ ಕಾಲಕ್ಕೆ ಈ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. ಮೊದಲು ದೂರದ ಗುಡುಗುಡು, ಆಮೇಲೆ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗುವ ಬಿರುಗಾಳಿ, ಅದರ ಹಿಂದೆಯೇ ಇಳಿಯುವ ಬಿಳಿ ಮಂಜು. ಮಕ್ಕಳಿಗೆ ಅದು ಹಬ್ಬ. ಅಂಗಳಕ್ಕೆ ಓಡಿ ಬಂದು ಕತ್ತೆತ್ತಿ ನೋಡುತ್ತಿದ್ದವು. ದೊಡ್ಡವರು ಬಾವಿಗೆ ಮಡಲು ಹೊದಿಸಿ, ಹಟ್ಟಿಯ ಬಾಗಿಲು ಎಳೆದುಕೊಂಡು, ಮೂಗಿಗೆ ಬೈರಾಸು ಹಿಡಿಯುತ್ತಿದ್ದರು. ಆದರೆ ಸುರಂಗಕ್ಕೆ, ತೋಡಿಗೆ, ಕೆರೆಗೆ ಏನನ್ನು ಹೊದಿಸುವುದು? ಗಾಳಿ ತಿರುಗಿದರೆ ಮಂಜು ತೋಟದ ಗಡಿ ನೋಡುವುದಿಲ್ಲ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಈ ಜಿಲ್ಲೆಯಲ್ಲಿ ಸುಮಾರು ನಾಲ್ಕೂವರೆ ಸಾವಿರ ಹೆಕ್ಟೇರ್ ಹಬ್ಬಿದ್ದವು. ಗಡಿಯ ಈಚೆ, ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಇದೇ ಮಂಜು ಇಳಿಯಿತು. ಹೊಡೆದದ್ದು ಚಹಾ ಸೊಳ್ಳೆ ಎಂಬ ಒಂದು ಸಣ್ಣ ತಿಗಣೆಗೆ; ಎಳೆ ಚಿಗುರಿಗೆ, ಹೂಗೊಂಚಲಿಗೆ ಸೊಂಡಿಲು ಚುಚ್ಚಿ ರಸ ಹೀರಿ, ಸುಟ್ಟಂತೆ ಕಪ್ಪಾಗಿಸುವ ಕೀಟ ಅದು. ಹೊಡೆದ ಮದ್ದಿನ ಹೆಸರು ಎಂಡೋಸಲ್ಫಾನ್.

ಮೊದಲು ಜೇನು ಕಡಿಮೆಯಾಯಿತು ಎಂದು ಊರವರು ನೆನಪಿಸಿಕೊಳ್ಳುತ್ತಾರೆ. ತೋಡಿನಲ್ಲಿ ಮೀನು ಮಗುಚಿ ತೇಲಿದವು, ಮಳೆಗಾಲದ ಕಪ್ಪೆಗಳ ಸದ್ದು ತೆಳುವಾಯಿತು. ಹಟ್ಟಿಯಲ್ಲಿ ಕಾಲು ಸೊಟ್ಟಗಿನ ಕರುಗಳು ಹುಟ್ಟಿದಾಗ, 1980ರ ಆಸುಪಾಸಿನಲ್ಲೇ, ಇದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದರು. ಮುಂದೆ ಊರಿನ ವೈದ್ಯ ಮೋಹನ್ ಕುಮಾರ್ ತಮ್ಮ ಬಳಿಗೆ ಬರುವ ಮನೆಗಳ ಕಾಯಿಲೆಗಳನ್ನು ಗುರುತು ಹಾಕುತ್ತಾ ಹೋದಾಗ, ಒಂದೇ ತೋಡಿನ ಬದಿಯ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಅಂಗವೈಕಲ್ಯ ಮತ್ತೆ ಮತ್ತೆ ಕಾಣಿಸಿಕೊಂಡವು. ಕೈಯಲ್ಲಿ ಉಪಕರಣವಿಲ್ಲದ ಊರು ಕಣ್ಣನ್ನೇ ಉಪಕರಣ ಮಾಡಿಕೊಂಡು ಬರೆದ ದಾಖಲೆ ಅದು.

ಆ ಮಂಜಿನ ಒಂದು ಹನಿಯೊಳಗೆ ಇದ್ದದ್ದೇನು? ಅದನ್ನು ನೋಡಲು ಬೇರೊಂದು ಬಗೆಯ ಜಾಗಕ್ಕೆ ಹೋಗಬೇಕು.

ಗಣಕ ರಸಾಯನಶಾಸ್ತ್ರದ ಪ್ರಯೋಗಾಲಯ ಎಂದರೆ ಸೀಸೆ, ಬುನ್ಸೆನ್ ದೀಪ, ಕಣ್ಣುರಿಸುವ ಹೊಗೆ ಇವೆಲ್ಲ ಇರುತ್ತವೆಂದುಕೊಂಡು ಹೋದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ಒಳಗೆ ಏಸಿಯ ಚಳಿ, ಅದಕ್ಕೆ ಸ್ವೆಟರ್ ಹೊದ್ದು ಕುಳಿತ ನಾಲ್ಕಾರು ಸಂಶೋಧನಾ ವಿದ್ಯಾರ್ಥಿಗಳು. ಮೂಲೆಯ ಗಾಜಿನ ಕೋಣೆಯಲ್ಲಿ ಕಪ್ಪು ಬೀರುಗಳಂಥ ಕಂಪ್ಯೂಟರುಗಳು, ಅವುಗಳ ಹೊಟ್ಟೆಯೊಳಗಿನ ಫ್ಯಾನುಗಳ ನಿಲ್ಲದ ಮೊರೆತ. ಗೋಡೆಯ ಬಿಳಿ ಹಲಗೆಯ ಮೇಲೆ ಯಾರೋ ಬರೆದು ಅರ್ಧ ಅಳಿಸಿದ ಸಮೀಕರಣ, ಅದರ ಕೆಳಗೆ ಕಾಫಿಪುಡಿಯ ಲೆಕ್ಕ. ವಾಸನೆ ಎಂದರೆ ಬಿಸಿಯಾದ ಪ್ಲಾಸ್ಟಿಕ್ಕಿನದು ಮತ್ತು ಸ್ಟೀಲ್ ಲೋಟದಲ್ಲಿ ಆರುತ್ತಿರುವ ಕಾಫಿಯದು. ಇಲ್ಲಿ ವಿಷವನ್ನು ಯಾರೂ ಮುಟ್ಟುವುದಿಲ್ಲ, ಮೂಸುವುದಿಲ್ಲ. ಆದರೂ ಅದರ ಗುಣಾವಗುಣಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆಯುತ್ತಾರೆ.

“ಅಕ್ಕಾ, ನಿನ್ನೆ ರಾತ್ರಿ ಹಾಕಿದ ಜಾಬ್ ಮುಗೀತಾ?” ಎಂದು ಹೊಸದಾಗಿ ಸೇರಿದ ಹುಡುಗ ಕೇಳುತ್ತಾನೆ.

“ಎಲ್ಲಿ ಮುಗಿಯೋದು ಮಾರಾಯ, ಇನ್ನೂ ಕನ್ವರ್ಜ್ ಆಗಿಲ್ಲ. ಸಲ್ಫರ್ ಹತ್ರ ಒದ್ದಾಡ್ತಾ ಇದೆ. ಬಾ, ನೋಡು” ಎನ್ನುತ್ತಾ ಹಿರಿಯ ವಿದ್ಯಾರ್ಥಿನಿ ತನ್ನ ಪರದೆಯನ್ನು ಅವನ ಕಡೆ ತಿರುಗಿಸುತ್ತಾಳೆ.

ನಾವೂ ಅವಳ ಬೆನ್ನ ಹಿಂದೆ ನಿಂತು ನೋಡೋಣ. ಕಪ್ಪು ಪರದೆಯ ನಡುವೆ ಬಣ್ಣದ ಗುಂಡುಗಳ ಒಂದು ಗೊಂಚಲು ತೇಲುತ್ತಿದೆ. ಬೂದು ಬಣ್ಣದ್ದು ಕಾರ್ಬನ್, ಪುಟ್ಟ ಬಿಳಿಯದು ಹೈಡ್ರೋಜನ್, ಕೆಂಪು ಆಕ್ಸಿಜನ್, ಹಳದಿ ಸಲ್ಫರ್, ಹಸಿರು ಕ್ಲೋರಿನ್. ಇದೇ ಎಂಡೋಸಲ್ಫಾನಿನ ಒಂದು ಅಣು. ಅವಳು ಮೌಸ್ ಹಿಡಿದು ಎಳೆದಂತೆಲ್ಲ ಅಣು ಹೊರಳುತ್ತದೆ. ಒಂದು ಮಗ್ಗುಲಲ್ಲಿ ನೋಡಿದರೆ ಕೆಂಪು, ಹಳದಿ, ಬಿಳಿ ಎಲ್ಲ ಬಣ್ಣವೂ ಕಾಣುತ್ತದೆ; ಅರ್ಧ ಸುತ್ತು ತಿರುಗಿಸಿದರೆ ಹಸಿರು, ಬರಿಯ ಹಸಿರು. ಆರು ಕ್ಲೋರಿನ್‌ಗಳು ಒಂದೇ ಕಡೆ ಒತ್ತೊತ್ತಾಗಿ ಕುಳಿತು ಒಳಗಿನ ಕಾರ್ಬನ್ ಕಾಣದಂತೆ ಮುಚ್ಚಿಬಿಟ್ಟಿವೆ. ಎಣಿಸಿದರೆ ಒಟ್ಟು 25 ಪರಮಾಣುಗಳು: ಒಂಬತ್ತು ಕಾರ್ಬನ್, ಆರು ಹೈಡ್ರೋಜನ್, ಆರು ಕ್ಲೋರಿನ್, ಮೂರು ಆಕ್ಸಿಜನ್, ಒಂದು ಸಲ್ಫರ್. ಅವುಗಳ ಎಲೆಕ್ಟ್ರಾನುಗಳನ್ನು ಕೂಡಿದರೆ 202. ಅದರಲ್ಲಿ 102 ಕ್ಲೋರಿನ್‌ಗಳವು. ತೂಕದ ಲೆಕ್ಕದಲ್ಲೂ ಅಷ್ಟೇ, ಅಣುವಿನ ಅರ್ಧಕ್ಕಿಂತ ಹೆಚ್ಚು ಭಾರ ಈ ಆರರದ್ದೇ.

ಈ ಹಸಿರು ಗೊಂಚಲಿಗೆ ಒಂದು ವಂಶವಿದೆ. ಎರಡು ಅಣುಗಳನ್ನು ಒಂದಕ್ಕೊಂದು ಜೋಡಿಸಿ ಉಂಗುರ ಮಾಡುವ ವಿಧಾನಕ್ಕೆ ಜರ್ಮನಿಯ ಓಟೊ ಡೀಲ್ಸ್ ಮತ್ತು ಕುರ್ಟ್ ಆಲ್ಡರ್ 1950ರಲ್ಲಿ ನೊಬೆಲ್ ಪಡೆದರು. ಅದೇ ವಿಧಾನದಲ್ಲಿ, ಆರು ಕ್ಲೋರಿನ್ ಹೊತ್ತ ಐದು ಕಾರ್ಬನ್‌ಗಳ ಒಂದು ಉಂಗುರವನ್ನು ಬೇರೆ ಬೇರೆ ಅಣುಗಳಿಗೆ ಜೋಡಿಸುತ್ತಾ ಹೋದಾಗ ಕೀಟನಾಶಕಗಳ ಒಂದು ಸಂಸಾರವೇ ಹುಟ್ಟಿತು. ಆಲ್ಡ್ರಿನ್, ಡೀಲ್ಡ್ರಿನ್ ಎಂಬ ಹೆಸರುಗಳು ಆ ಇಬ್ಬರು ವಿಜ್ಞಾನಿಗಳಿಂದಲೇ ಬಂದವು. ಅದೇ ಸಂಸಾರದಲ್ಲಿ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದದ್ದು ಎಂಡೋಸಲ್ಫಾನ್. ಕ್ಲೋರಿನ್ ಉಂಗುರದ ಇನ್ನೊಂದು ತುದಿಗೆ ಸಲ್ಫರ್ ಮತ್ತು ಆಕ್ಸಿಜನ್ ಸೇರಿದ ಒಂದು ಬಳೆ ಹಾಕಿದ್ದೇ ಅದರ ವಿಶೇಷ.

ಪರದೆಯ ಎಡಭಾಗದಲ್ಲಿ ಅಂಕಿಗಳು ಸಾಲುಸಾಲಾಗಿ ಮೇಲೇರುತ್ತಿವೆ. ಪ್ರತಿ ಸಾಲಿನಲ್ಲೂ ಒಂದು ಋಣಸಂಖ್ಯೆ, ಅದರ ಕೊನೆಯ ಅಂಕಿಗಳು ಮಾತ್ರ ಬದಲಾಗುತ್ತವೆ. ಗುಡ್ಡದ ಮೇಲೆ ಬಿದ್ದ ಮಳೆನೀರು ಇಳಿಜಾರು ಹುಡುಕಿಕೊಂಡು ಕೊನೆಗೆ ತೋಡು ಸೇರಿ ನಿಲ್ಲುವಂತೆ, ಗಣಕ ಈ ಅಣುವನ್ನು ತುಸು ಬಾಗಿಸಿ, ತುಸು ಹಿಗ್ಗಿಸಿ, ಶಕ್ತಿ ಎಲ್ಲಿ ಅತಿ ಕಡಿಮೆಯೋ ಆ ಭಂಗಿಯನ್ನು ಹುಡುಕುತ್ತಿದೆ. 202 ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತಾ, ಪರಮಾಣು ಬೀಜಗಳ ಕಡೆಗೆ ಸೆಳೆಯಲ್ಪಡುತ್ತಾ ಇರುವ ಗೊಂದಲವನ್ನು ಒಂದೊಂದೇ ಎಲೆಕ್ಟ್ರಾನಿನ ಲೆಕ್ಕದಲ್ಲಿ ಬಿಡಿಸುವುದು ಅಸಾಧ್ಯಕ್ಕೆ ಹತ್ತಿರದ ಕೆಲಸ. ಎಲೆಕ್ಟ್ರಾನುಗಳು ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದೊಂದು ಗೊತ್ತಾದರೆ ಸಾಕು, ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ ಎಂದು ತೋರಿಸಿದ ವಾಲ್ಟರ್ ಕೋನ್, ಇಂಥ ಲೆಕ್ಕಗಳನ್ನು ಯಾರೂ ನಡೆಸಬಹುದಾದ ಪ್ರೋಗ್ರಾಮುಗಳನ್ನಾಗಿ ಮಾಡಿಕೊಟ್ಟ ಜಾನ್ ಪೋಪಲ್, ಇಬ್ಬರಿಗೂ 1998ರ ರಸಾಯನಶಾಸ್ತ್ರದ ನೊಬೆಲ್ ಬಂತು. ಡೆನ್ಸಿಟಿ ಫಂಕ್ಷನಲ್ ಥಿಯರಿ ಎಂಬ ಆ ವಿಧಾನವೇ ಈ ಕೋಣೆಯ ಫ್ಯಾನುಗಳನ್ನು ಹಗಲೂ ರಾತ್ರಿ ತಿರುಗಿಸುತ್ತಿರುವುದು.

“ನೋಡು, ಇಲ್ಲಿ ಒದ್ದಾಡ್ತಾ ಇರೋದು” ಎಂದು ಅವಳು ಹಳದಿ ಗುಂಡಿನ ಮೇಲೆ ಬೆರಳಿಡುತ್ತಾಳೆ. ಸಲ್ಫರಿಗೆ ಅಂಟಿಕೊಂಡ ಒಂದು ಕೆಂಪು ಗುಂಡು ಹೊರಗೆ ಚಾಚಿದೆ. ಅದು ಯಾವ ಕಡೆಗೆ ಚಾಚಿದೆ, ಆ ಬಳೆ ಹೇಗೆ ಬಾಗಿದೆ ಎಂಬುದರ ಮೇಲೆ ಎಂಡೋಸಲ್ಫಾನಿಗೆ ಎರಡು ರೂಪ: ಆಲ್ಫಾ ಮತ್ತು ಬೀಟಾ. ಬೀಟಾದ ನಡುವೆ ಗೆರೆ ಎಳೆದರೆ ಎಡ ಬಲ ಎರಡೂ ಒಂದೇ. ಆಲ್ಫಾದ ಬಳೆ ತಿರುಚಿಕೊಂಡಿದೆ, ಅದಕ್ಕೆ ಆ ಸಮತೆ ಇಲ್ಲ. ಡಬ್ಬಿಯಲ್ಲಿ ಮಾರುತ್ತಿದ್ದ ಮದ್ದಿನಲ್ಲಿ ಆಲ್ಫಾ ಏಳು ಪಾಲು, ಬೀಟಾ ಮೂರು ಪಾಲು. ಇಷ್ಟು ಸಣ್ಣ ತಿರುವಿನಿಂದ ಏನಾದೀತು ಎನಿಸಬಹುದು. ಆದರೆ ಆಲ್ಫಾ ಬೇಗ ಆವಿಯಾಗುತ್ತದೆ, ಗಾಳಿ ಹಿಡಿದು ದೂರ ಹೋಗುತ್ತದೆ. ಬೀಟಾ ಕೂಡ ನಿಧಾನವಾಗಿ ಆಲ್ಫಾ ಆಗಿ ಬದಲಾಗುತ್ತದೆ. ಕೇರಳದ ಗುಡ್ಡವನ್ನಾಗಲಿ ಗೇರುಮರವನ್ನಾಗಲಿ ಕಂಡರಿಯದ ಉತ್ತರ ಧ್ರುವದ ಗಾಳಿಯಲ್ಲೂ ಎಂಡೋಸಲ್ಫಾನ್ ಸಿಕ್ಕಿದೆ. ಜಗತ್ತಿನ ಬೇರೆ ಬೇರೆ ಹೊಲಗಳಲ್ಲಿ ಹೊಡೆದದ್ದು ಆವಿಯಾಗಿ ಅಲ್ಲಿಗೆ ಹೋಗಿ ತಣ್ಣಗಾಗಿ ಇಳಿದಿದೆ.

ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಜಾಬ್ ಮುಗಿದಿರುತ್ತದೆ. ಈಗ ಅಣು ಸರಿಯಾದ ಭಂಗಿಯಲ್ಲೇ ನಿಂತಿದೆಯೇ ಎಂದು ನೋಡಲು ಅದನ್ನು ಅಲುಗಿಸುತ್ತಾರೆ. 25 ಪರಮಾಣುಗಳ ಅಣು 69 ಬಗೆಯಲ್ಲಿ ಕಂಪಿಸಬಲ್ಲದು. ಅವಳು ಪಟ್ಟಿಯಲ್ಲಿ ಒಂದೊಂದನ್ನೇ ಒತ್ತುತ್ತಾಳೆ. ಒಂದರಲ್ಲಿ ಬಿಳಿ ಹೈಡ್ರೋಜನ್‌ಗಳು ಪಟಪಟನೆ ಅದುರುತ್ತವೆ. ಇನ್ನೊಂದರಲ್ಲಿ ಸಲ್ಫರ್ ಮತ್ತು ಅದರ ಆಕ್ಸಿಜನ್ ದೂರ ಸರಿದು ಹತ್ತಿರ ಬರುತ್ತವೆ. ಕ್ಲೋರಿನ್‌ಗಳ ಸರದಿ ಬಂದಾಗ ಎಲ್ಲವೂ ನಿಧಾನ. ಭಾರವಾದ ಆರು ಹಸಿರು ಗುಂಡುಗಳು ಮಂದವಾಗಿ ತೂಗುತ್ತವೆ, ಕಾರ್ಬನ್ನಿನಿಂದ ಅವುಗಳ ದೂರ 1.7ರಿಂದ 1.8 ಆಂಗ್‌ಸ್ಟ್ರಾಂ, ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿ ಪಾಲಿನಲ್ಲಿ ಎರಡು ಪಾಲೂ ಪೂರ್ತಿ ಇಲ್ಲ. ಈ ಕಂಪನಗಳ ಪಟ್ಟಿ ಪ್ರತಿ ಅಣುವಿಗೂ ಬೇರೆ. ಮಣ್ಣಿನಿಂದ ತೆಗೆದ ಮಾದರಿಯ ಮೇಲೆ ಅತಿಗೆಂಪು ಬೆಳಕು ಹಾಯಿಸಿದಾಗ ಬರುವ ಗೆರೆಗಳನ್ನು ಇದರ ಪಕ್ಕ ಇಟ್ಟು, ಇದು ಆಲ್ಫಾ, ಇದು ಬೀಟಾ ಎಂದು ಹೇಳಲು ಬರುತ್ತದೆ.

ಆಮೇಲೆ ಪರದೆಯ ಮೇಲೆ ಬರುವ ಚಿತ್ರವೇ ಇಡೀ ಕೆಲಸದ ಜೀವಾಳ. ಗುಂಡುಗಳು ಮರೆಯಾಗಿ, ಅಣುವಿನ ಮೈಯನ್ನು ಒಂದು ತೆಳು ಪೊರೆ ಸುತ್ತಿಕೊಳ್ಳುತ್ತದೆ. ಎಲೆಕ್ಟ್ರಾನ್ ದಟ್ಟವಾದಲ್ಲಿ ಕೆಂಪು, ಕಡಿಮೆಯಾದಲ್ಲಿ ನೀಲಿ, ನಡುವೆ ಹಳದಿ, ಹಸಿರು. ಸಲ್ಫರಿನ ಆಕ್ಸಿಜನ್ ಕಡೆ ಕಡುಗೆಂಪು. ಕ್ಲೋರಿನ್‌ಗಳ ಕಡೆ ತಿರುಗಿಸಿದರೆ ಬೇರೆಯದೇ ನೋಟ: ಪ್ರತಿ ಕ್ಲೋರಿನ್ನಿನ ಸೊಂಟಕ್ಕೆ ಒಂದು ತೆಳುವಾದ ಋಣಪಟ್ಟಿ, ನೆತ್ತಿಯ ಮೇಲೆ ಸಣ್ಣದೊಂದು ಧನದ ಬೊಟ್ಟು. ಉಳಿದಂತೆ ಆ ಮಗ್ಗುಲು ಹೆಚ್ಚು ಬಣ್ಣವಿಲ್ಲದೆ ಸಪ್ಪೆಯಾಗಿದೆ. ಆ ಸಪ್ಪೆಯಲ್ಲೇ ಊರಿನ ಸಂಕಟ ಅಡಗಿದೆ. ನೀರಿನ ಅಣು ಹಿಡಿದುಕೊಳ್ಳಲು ಅಲ್ಲಿ ಬಲವಾದ ವಿದ್ಯುದಂಶ ಇಲ್ಲ, ಹಾಗಾಗಿ ಮಳೆಗೆ ಕರಗಿ ಹೋಗುವುದಿಲ್ಲ. ಸೂಕ್ಷ್ಮಜೀವಿಗಳ ಕಿಣ್ವಗಳು ಸಾಮಾನ್ಯವಾಗಿ ಹಿಡಿದು ಹರಿಯುವ ಕಾರ್ಬನ್, ಹೈಡ್ರೋಜನ್ ಕೊಂಡಿಯೂ ಅಲ್ಲಿ ಇಲ್ಲ. ಅದರ ಜಾಗದಲ್ಲಿ ಗಟ್ಟಿ ಕ್ಲೋರಿನ್ ಕುಳಿತಿದೆ. ಕೊಬ್ಬು ಮಾತ್ರ ಅದನ್ನು ಕೈಚಾಚಿ ಕರೆದುಕೊಳ್ಳುತ್ತದೆ.

ಮಣ್ಣಿನ ಜೀವಿಗಳು ಸುಮ್ಮನೆ ಕೂರುವುದಿಲ್ಲ. ಕ್ಲೋರಿನ್ ಕಡೆಯಿಂದ ಸಾಧ್ಯವಾಗದೆ ಸಲ್ಫರಿನ ಕಡೆಯಿಂದ ಹೊಗುತ್ತವೆ, ಅದಕ್ಕೆ ಇನ್ನೊಂದು ಆಕ್ಸಿಜನ್ ಅಂಟಿಸುತ್ತವೆ. ಹಾಗೆ ಹುಟ್ಟುವುದು ಎಂಡೋಸಲ್ಫಾನ್ ಸಲ್ಫೇಟ್. ಪರದೆಯ ಮೇಲೆ ಅದನ್ನು ಕಟ್ಟಿ ನೋಡಿದರೆ 26 ಪರಮಾಣುಗಳು, ಕ್ಲೋರಿನ್ ಮಾತ್ರ ಆರಕ್ಕೆ ಆರೂ ಹಾಗೇ ಇವೆ. ವಿಷವೂ ಹೆಚ್ಚುಕಡಿಮೆ ಅಷ್ಟೇ, ಬಾಳಿಕೆ ಇನ್ನೂ ಹೆಚ್ಚು. ಎರಡನ್ನೂ ಸೇರಿಸಿ ಲೆಕ್ಕ ಹಿಡಿದರೆ ಮಣ್ಣಿನಲ್ಲಿ ಅರ್ಧ ಪಾಲು ಇಲ್ಲವಾಗಲು ಸುಮಾರು 9 ತಿಂಗಳಿಂದ 6 ವರ್ಷ ಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ. ಅಣುವಿಗೆ ಇನ್ನೊಂದು ದಾರಿಯೂ ಇತ್ತು. ಕ್ಷಾರ ನೀರಿನಲ್ಲಿ ಸಲ್ಫರಿನ ಬಳೆ ಬೇಗ ಒಡೆದು, ವಿಷ ಬಹಳ ಕಡಿಮೆಯಿರುವ ಡಯೋಲ್ ಎಂಬ ವಸ್ತು ಆಗುತ್ತದೆ. ಆದರೆ ಆಮ್ಲೀಯ ನೀರಿನಲ್ಲಿ ಆ ಕೆಲಸ ನಿಧಾನ. ಕರಾವಳಿಯ ಕೆಂಪು ಮುರಮಣ್ಣು ಆಮ್ಲೀಯ. ಹೀಗೆ ಅಣುವಿನ ರಚನೆ, ಮಣ್ಣಿನ ಗುಣ, ಸುರಂಗದ ಇಳಿಜಾರು ಎಲ್ಲವೂ ಊರಿನ ವಿರುದ್ಧವೇ ಸೇರಿಕೊಂಡವು.

ಸಂಜೆಯಾಗುತ್ತಿದ್ದಂತೆ ಕೋಣೆಯಲ್ಲಿ ಇನ್ನೊಂದು ಬಗೆಯ ಕೆಲಸ ಶುರುವಾಗುತ್ತದೆ. ಈ ಸಲ ಪರದೆ ತುಂಬ ಒಂದು ದೊಡ್ಡ ಪ್ರೋಟೀನ್, ನರಕೋಶದ ಪೊರೆಯಲ್ಲಿ ನೆಟ್ಟಿರುವ ಒಂದು ಕೊಳವೆ. ಐದು ಎಸಳುಗಳು ಸುತ್ತ ನಿಂತು ನಡುವೆ ಇಕ್ಕಟ್ಟಾದ ದಾರಿ ಬಿಟ್ಟಿವೆ. ಗಾಬಾ ಎಂಬ ರಾಸಾಯನಿಕ ಬಂದು ತಟ್ಟಿದಾಗ ಈ ದಾರಿ ತೆರೆದು, ಕ್ಲೋರೈಡ್ ಅಯಾನುಗಳು ಒಳಗೆ ನುಗ್ಗಿ, ಉದ್ರೇಕಗೊಂಡ ನರ ಶಾಂತವಾಗುತ್ತದೆ. ಎಂಡೋಸಲ್ಫಾನ್ ಅಣುವನ್ನು ಕೊಳವೆಯ ಬಾಯಿಯ ಬಳಿ ಬಿಟ್ಟು, ಎಲ್ಲಿ ಕುಳಿತರೆ ಶಕ್ತಿ ಅತಿ ಕಡಿಮೆ ಎಂದು ಗಣಕ ಸಾವಿರಾರು ಭಂಗಿಗಳಲ್ಲಿ ಹುಡುಕುತ್ತದೆ. ಕೊನೆಗೆ ಅಣು ಹೋಗಿ ಕೂರುವುದು ಆ ಇಕ್ಕಟ್ಟಿನ ದಾರಿಯಲ್ಲೇ, ಎಸಳುಗಳ ನಡುವೆ ಸರಿಯಾಗಿ ಸಿಕ್ಕಿಕೊಂಡು. ಕ್ಲೋರೈಡ್ ಒಳಗೆ ಬರಲು ಜಾಗವಿಲ್ಲ, ನರಕ್ಕೆ ಸಮಾಧಾನವಿಲ್ಲ. ಕೀಟ ಸೆಟೆದುಕೊಂಡು ಸಾಯುವುದು ಹೀಗೆ. ಇದೇ ಬಗೆಯ ಕೊಳವೆ ಮೀನಿನಲ್ಲೂ ಇದೆ, ಕರುವಿನಲ್ಲೂ ಇದೆ, ಅಂಗಳಕ್ಕೆ ಓಡಿಬಂದು ಕತ್ತೆತ್ತಿ ನೋಡಿದ ಮಗುವಿನಲ್ಲೂ ಇದೆ.

ಇಷ್ಟೆಲ್ಲ ಗಣಕದಿಂದ ಗೊತ್ತಾಗುವುದಾದರೆ ಜಗತ್ತು ಎಡವಿದ್ದು ಎಲ್ಲಿ? ಅವಳ ಮೇಜಿನ ಮೇಲೆ ಅಂಟಿಸಿದ ಒಂದು ಹಳದಿ ಚೀಟಿಯಲ್ಲಿ ಅದಕ್ಕೆ ಉತ್ತರವಿದೆ. ಅದರಲ್ಲಿ ಒಂದೇ ಒಂದು ಅಂಕಿ: 4.7.

ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಮತ್ತು ನೀರು, ಎರಡನ್ನೂ ಒಂದೇ ಪಾತ್ರೆಯಲ್ಲಿಟ್ಟು ವಸ್ತುವನ್ನು ಹಾಕಿದರೆ ಅದು ಯಾವುದರಲ್ಲಿ ಎಷ್ಟು ಸೇರುತ್ತದೆ ಎಂಬುದನ್ನು ಹತ್ತರ ಘಾತದಲ್ಲಿ ಬರೆಯುವ ಅಳತೆ ಇದು. 4.7 ಎಂದರೆ ನೀರಿಗಿಂತ ಎಣ್ಣೆಯಲ್ಲಿ ಸುಮಾರು 50 ಸಾವಿರ ಪಟ್ಟು ಹೆಚ್ಚು. ಪಾತ್ರೆ ಇಲ್ಲದೆಯೂ, ಅಣುವಿನ ರಚನೆಯೊಂದರಿಂದಲೇ ಗಣಕ ಇದನ್ನು ಅಂದಾಜು ಮಾಡಬಲ್ಲದು. ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದಲ್ಲಿ, ಒಂದು ವಸ್ತು ಜೀವಿಗಳ ಮೈಯಲ್ಲಿ ಶೇಖರವಾಗುತ್ತದೆ ಎನ್ನಲು ಈ ಅಂಕಿಗೆ ಹಾಕಿದ ಗೆರೆ 5. ನಾಲ್ಕು ಮುಕ್ಕಾಲರ ಆಸುಪಾಸಿನ ಎಂಡೋಸಲ್ಫಾನ್ ಆ ಗೆರೆಯ ಕೆಳಗೇ ಉಳಿಯುತ್ತದೆ. ಈ ಒಂದು ಅಂಕಿಯನ್ನಷ್ಟೇ ನಂಬಿದ್ದರೆ ಅದು ನಿರಪರಾಧಿ.

ಆದರೆ ಆ ಗೆರೆ ಹುಟ್ಟಿದ್ದು ಮೀನಿನ ಲೆಕ್ಕದಿಂದ. ಮೀನು ನೀರನ್ನು ಉಸಿರಾಡುತ್ತದೆ. ತುಸುವಾದರೂ ನೀರಿಗೆ ಒಗ್ಗುವ ವಸ್ತುವನ್ನು ಕಿವಿರುಗಳ ಮೂಲಕ ಹೊರಗೆ ಬಿಟ್ಟುಬಿಡುತ್ತದೆ. ನಾವು ಉಸಿರಾಡುವುದು ಗಾಳಿಯನ್ನು. ಮೈಯೊಳಗಿನ ಕೊಬ್ಬಿನಿಂದ ವಸ್ತು ಉಸಿರಿನೊಂದಿಗೆ ಹೊರಟುಹೋಗುತ್ತದೋ ಇಲ್ಲವೋ ಎಂದು ತಿಳಿಯಲು ಎಣ್ಣೆ ಮತ್ತು ನೀರಿನ ಅಳತೆ ಸಾಲದು, ಎಣ್ಣೆ ಮತ್ತು ಗಾಳಿಯ ಅಳತೆ ಬೇಕು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ಯಾರಿ ಕೆಲ್ಲಿ, ಫ್ರಾಂಕ್ ಗೋಬಾಸ್ ಮತ್ತು ಜೊತೆಗಾರರು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಎಣ್ಣೆ ಮತ್ತು ನೀರಿನ ಅಂಕಿ 2ನ್ನು ಮೀರಿದ್ದು, ಎಣ್ಣೆ ಮತ್ತು ಗಾಳಿಯ ಅಂಕಿ 6ನ್ನು ಮೀರಿದರೆ, ಮೀನಿನಲ್ಲಿ ನಿಲ್ಲದ ವಸ್ತುವೂ ಗಾಳಿ ಉಸಿರಾಡುವ ಪ್ರಾಣಿಗಳ ಆಹಾರ ಸರಪಳಿಯಲ್ಲಿ ಮೇಲೇರುತ್ತಾ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಎಂಡೋಸಲ್ಫಾನ್ ಎರಡೂ ಗೆರೆಗಳನ್ನು ದಾಟುತ್ತದೆ. ಹುಲ್ಲು ತಿಂದ ಹಸು, ಹಸುವಿನ ಹಾಲು ಕುಡಿದ ಮಗು: ಪಡ್ರೆಯ ಹಟ್ಟಿಯಲ್ಲಿ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಸರಿಯಾದ ಪ್ರಶ್ನೆ ಮೂಡುವ ಹೊತ್ತಿಗೆ ಸಿಂಪಡಣೆ ನಿಂತೇ ಕೆಲವು ವರ್ಷಗಳಾಗಿದ್ದವು.

ಈ ನಡುವೆ ಅಳೆಯುವವರು ತಮ್ಮ ಕೆಲಸ ಮಾಡಿದ್ದರು. ಮಾಸ್ ಸ್ಪೆಕ್ಟ್ರೋಮೀಟರಿನ ಕಾಗದದ ಮೇಲೆ ಕ್ಲೋರಿನ್ ತನ್ನ ಗುರುತನ್ನು ತಾನೇ ಬಿಟ್ಟುಕೊಡುತ್ತದೆ. ಪ್ರಕೃತಿಯಲ್ಲಿ ಕ್ಲೋರಿನ್ 35 ಮತ್ತು 37 ಎಂಬ ಎರಡು ತೂಕಗಳಲ್ಲಿ, ಹೆಚ್ಚುಕಡಿಮೆ ಮೂರಕ್ಕೆ ಒಂದರಂತೆ ಸಿಗುತ್ತದೆ. ಹಾಗಾಗಿ ಆರು ಕ್ಲೋರಿನ್ ಇರುವ ಅಣು ಒಂದೇ ಗೆರೆಯಾಗಿ ಬರದೆ, ಎರಡೆರಡು ಅಂಕಿಗಳ ಅಂತರದಲ್ಲಿ ಗೆರೆಗಳ ಸಾಲಾಗಿ ಬರುತ್ತದೆ. ಮೊದಲನೆಯದಕ್ಕಿಂತ ಎರಡನೆಯದು ಸುಮಾರು ಎರಡು ಪಟ್ಟು ಎತ್ತರ, ಮೂರನೆಯದು ಅದಕ್ಕಿಂತ ತುಸು ಕುಳ್ಳು, ಅಲ್ಲಿಂದ ಇಳಿಮುಖ. ಈ ಸಾಲು ಕಂಡರೆ ಆರು ಕ್ಲೋರಿನ್ ಎಂದು ಪಳಗಿದ ಕಣ್ಣು ದೂರದಿಂದಲೇ ಹೇಳುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗೇರುಗುಡ್ಡದ ಬುಡದ ಹಳ್ಳಿಯ 117 ಬಾಲಕರನ್ನು, ಸಿಂಪಡಣೆ ನಡೆಯದ ಊರಿನ 90 ಬಾಲಕರನ್ನು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಗುಡ್ಡದ ಬುಡದ ಹುಡುಗರ ರಕ್ತದ ಸೀರಂನಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಯಲ್ಲಿ 7.47 ಪಾಲು, ಇನ್ನೊಂದು ಊರಿನವರಲ್ಲಿ 1.37 ಪಾಲು. ಮದ್ದು ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು.

ಸ್ಟಾಕ್‌ಹೋಮ್ ಒಪ್ಪಂದಕ್ಕೆ 2001ರಲ್ಲಿ ಸಹಿ ಬಿದ್ದಾಗ ಮೊದಲ ಪಟ್ಟಿಯಲ್ಲಿದ್ದ 12 ವಸ್ತುಗಳಲ್ಲಿ ಪ್ರತಿಯೊಂದೂ ಕ್ಲೋರಿನ್ ಹೊತ್ತದ್ದೇ. ಡಿಡಿಟಿ, ಆಲ್ಡ್ರಿನ್, ಡೀಲ್ಡ್ರಿನ್ ಅಲ್ಲಿದ್ದವು, ಎಂಡೋಸಲ್ಫಾನ್ ಇರಲಿಲ್ಲ. ಅದು ಆ ಪಟ್ಟಿ ಸೇರಿದ್ದು 2011ರ ಏಪ್ರಿಲ್‌ನಲ್ಲಿ, ಜಿನೀವಾದ ಸಭೆಯಲ್ಲಿ. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಕೊಕ್ಕಡದ ಪಾಲನಾ ಕೇಂದ್ರದಲ್ಲಿ, ಎಣ್ಮಕಜೆಯ ಮನೆಗಳಲ್ಲಿ, ಬೆಳೆದ ಮಕ್ಕಳಿಗೆ ತುತ್ತಿಟ್ಟು, ಮೈ ಒರೆಸಿ, ಮಗ್ಗುಲು ಬದಲಿಸುವ ತಾಯಂದಿರ ಕೆಲಸಕ್ಕೆ ಮಾತ್ರ ಯಾವ ಆದೇಶದಿಂದಲೂ ಬಿಡುವು ಸಿಗಲಿಲ್ಲ. ತಾವು ಹೋದ ಮೇಲೆ ಇವರನ್ನು ನೋಡುವವರು ಯಾರು ಎಂಬುದು ಅವರ ಪ್ರತಿದಿನದ ಚಿಂತೆ.

ಗಣಕದ ಕೋಣೆಯಲ್ಲಿ ಎಂಡೋಸಲ್ಫಾನ್ ಈಗ ಹಳೆಯ ಪಾಠ. ಅವಳ ಪಟ್ಟಿಯಲ್ಲಿ ಇನ್ನೂ ನೂರಾರು ಹೆಸರುಗಳಿವೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿಗಳಲ್ಲೇ 209 ಬಗೆ. ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ಗಳಲ್ಲಿ 75, ಫ್ಯುರಾನ್‌ಗಳಲ್ಲಿ 135. ಎರಡು ಉಂಗುರಗಳ ನಡುವೆ ಕ್ಲೋರಿನ್ ಎಲ್ಲಿ ಕುಳಿತಿದೆ ಎಂಬುದರ ಮೇಲೆ ಪಿಸಿಬಿ ಅಣು ಚಪ್ಪಟೆಯಾಗಿ ಮಲಗುತ್ತದೆ ಇಲ್ಲವೇ ತಿರುಚಿಕೊಳ್ಳುತ್ತದೆ. ಚಪ್ಪಟೆಯಾಗಿ ಮಲಗಬಲ್ಲವು ಡಯಾಕ್ಸಿನ್ನಿನ ಹಾಗೆ ಮೈಯೊಳಗೆ ಕೆಲಸ ಮಾಡುತ್ತವೆ. ಇವೆಲ್ಲವನ್ನೂ ಶುದ್ಧವಾಗಿ ತಯಾರಿಸಿ, ಪ್ರಾಣಿಗಳಿಗೆ ಕೊಟ್ಟು, ವರ್ಷಗಟ್ಟಲೆ ಕಾದು ನೋಡಲು ಯಾವ ದೇಶಕ್ಕೂ ಹಣವಿಲ್ಲ, ಹೊತ್ತಿಲ್ಲ. ಲೆಕ್ಕವಾದರೆ ದಿನಗಳಲ್ಲಿ ಆಗುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ ಸಾಮರ್ಥ್ಯದ ಯಂತ್ರ. ಇಂಥ ಕೆಲಸಕ್ಕೆ ಬೇಕಾದ ಗಣಕಬಲ ನಮ್ಮ ರಾಜ್ಯದಲ್ಲೇ ಇದೆ.

ಲೆಕ್ಕವೇ ಎಲ್ಲವನ್ನೂ ಕಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾರ ಉಸಿರು, ಯಾವ ಮಣ್ಣು, ಯಾರ ಮನೆಯ ನೀರು ಎಂಬ ಪ್ರಶ್ನೆಗಳನ್ನು ಮೊದಲು ಹಾಕದಿದ್ದರೆ ಎಷ್ಟೇ ದೊಡ್ಡ ಗಣಕವೂ 4.7 ಎಂದು ಹೇಳಿ ಸುಮ್ಮನಾಗುತ್ತದೆ. ಆ ಪ್ರಶ್ನೆಗಳನ್ನು ಎತ್ತುವವರು ಗುಡ್ಡದ ಕೆಳಗಿನ ಮನೆಗಳಲ್ಲಿದ್ದಾರೆ. ಪಡ್ರೆಯಲ್ಲಿ ಅವರು ಅಷ್ಟು ಮೊದಲೇ ಎತ್ತಿದ್ದರು, ಕೇಳಿಸಿಕೊಳ್ಳುವವರು ಇರಲಿಲ್ಲ. ಆದ್ದರಿಂದ ನಮ್ಮ ಬೇಡಿಕೆ ಎರಡು. ಯಾವುದೇ ಹೊಸ ಕೀಟನಾಶಕಕ್ಕೆ ಪರವಾನಗಿ ಕೊಡುವ ಮೊದಲು ಅದರ ಅಣುವಿನ ಬಾಳಿಕೆ, ಆವಿ, ಕೊಬ್ಬಿನ ಒಲವು, ನರದ ಮೇಲಿನ ಹಿಡಿತ, ಅದು ಒಡೆದಾಗ ಹುಟ್ಟುವ ಮರಿಗಳ ಗುಣ, ಇವಿಷ್ಟರ ಲೆಕ್ಕವೂ ಆಗಬೇಕು. ಆ ಲೆಕ್ಕ ಕಡತದಲ್ಲಿ ಉಳಿಯದೆ, ಸಿಂಪಡಣೆ ನಡೆಯುವ ಊರಿನ ಪಂಚಾಯಿತಿಗೆ ಆ ಊರಿನ ಭಾಷೆಯಲ್ಲಿ ತಲುಪಬೇಕು. ಲೆಕ್ಕ ಮೊದಲು, ಮದ್ದು ಆಮೇಲೆ. ಮುಂದಿನ ಸಲ ನಿಮ್ಮ ಊರಿನ ತೋಟಕ್ಕೆ ಹೊಸ ಹೆಸರಿನ ಡಬ್ಬಿ ಬಂದಾಗ, ಬೆಲೆ ಎಷ್ಟೆಂದು ಕೇಳುವ ಮೊದಲು ಈ ಲೆಕ್ಕ ಎಲ್ಲಿದೆ ಎಂದು ಕೇಳಿ.